ಒಬ್ಬರಿಗಾಗುವ ಬ್ಯಾಗು

"ಮಗಳೇ, ಇದು ಒಂಬತ್ತನೇದು. ಇನ್ನು ನನ್ನ ಹತ್ತಿರ ಉಳಿದಿರೋದು ಸ್ಕೂಲ್ ಮಕ್ಕಳ ಬ್ಯಾಗು, ಆಮೇಲೆ ನಮ್ಮ ಮನೆಯವಳು ಮೀನಿಗೆ ತಗೊಂಡು ಹೋಗೋ ಚೀಲ. ಈಸ್ಟರ್ ನೋಂಬು ಮುಗಿಯೋವರೆಗೂ ಮೀನಿಲ್ಲ, ಅದು ಖಾಲೀನೇ ಇರುತ್ತೆ, ಬೇಕಾದರೆ ಅದನ್ನೂ ತರಿಸ್ತೀನಿ," ಅಂದರು ದೇವಸ್ಸಿ ಚೇಟ್ಟನ್.

"ನನಗೆ ಯಾಕೆ ಹೇಳ್ತೀರಿ ಚೇಟ್ಟಾ, ಅವನಿಗೆ ಹೇಳಿ. ನನಗೆ ಮೂರನೇದೇ ಹಿಡಿಸಿತ್ತು."

ಅವನು ಅಂದರೆ ಸಿಜೋ. ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂಬತ್ತನೇ ಬ್ಯಾಗಿನೊಳಗೆ ಹೆಚ್ಚುಕಡಿಮೆ ತಲೆಯನ್ನೇ ತೂರಿಸಿದ್ದ. ಸುತ್ತ ಅವನ ಕ್ಯಾಮೆರಾ, ನನ್ನ ಕ್ಯಾಮೆರಾ, ಲೆನ್ಸುಗಳು, ಬ್ಯಾಟರಿಗಳು. ಒಳಗೆ ಬಂದ ಗಿರಾಕಿಗಳೆಲ್ಲ ದಾಟಿಕೊಂಡು ಹೋಗುತ್ತಿದ್ದರು. ಒಬ್ಬ ಹೆಂಗಸಂತೂ ಸೆಕೆಂಡ್ ಹ್ಯಾಂಡ್ ಮಾಲು ಎಂದುಕೊಂಡು ಬೆಲೆಯನ್ನೂ ಕೇಳಿದ್ದಳು.

ತ್ರಿಶೂರಿನ ರೌಂಡ್ ರಸ್ತೆಯಲ್ಲಿ ಕ್ಯಾಮೆರಾ ಬ್ಯಾಗು ಬೇಕೆಂದರೆ ನಾವು ಫೋಟೋಗ್ರಾಫರುಗಳೆಲ್ಲ ಬರುವುದು ಎಲ್ಲರೂ ಚೇಟ್ಟಾ, ಅಂದರೆ ಅಣ್ಣಾ, ಎನ್ನುವ ದೇವಸ್ಸಿಯ ಈ ಅಂಗಡಿಗೇ. ನಾನೂ ಸಿಜೋನೂ ಆರು ವರ್ಷದಿಂದ ಜೊತೆಯಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದೇವೆ. ವರ ತಾಳಿ ಕಟ್ಟುವ ಗಳಿಗೆಯಲ್ಲಿ ನಾನು ಕ್ಯಾಮೆರಾದಲ್ಲಿ ಹುಡುಗಿಯ ಮುಖ ಹಿಡಿದರೆ ಅವನು ಇಬ್ಬರ ಕೈ ಹಿಡಿಯುತ್ತಾನೆ. ಸಾಮಾನೆಲ್ಲ ಒಂದೇ ದೊಡ್ಡ ಬ್ಯಾಗಿನಲ್ಲಿ. ಅದನ್ನು ಹೊರುವವನು ಅವನು. ನನಗೆ ಏನು ಬೇಕಾದರೂ ಹಿಂದೆ ನೋಡದೆ ಕೈ ಚಾಚಿದರೆ ಸಾಕು, ಬಂದು ಅಂಗೈ ಮೇಲೆ ಕೂರುತ್ತದೆ.

ಮೂರು ವಾರದ ಹಿಂದೆ ನನಗೆ ಎರ್ನಾಕುಲಂನ ಪತ್ರಿಕೆಯೊಂದರಲ್ಲಿ ಫೋಟೋಗ್ರಾಫರ್ ಕೆಲಸ ಸಿಕ್ಕಿತು. ಮೊದಲು ಹೇಳಿದ್ದು ಸಿಜೋನಿಗೆ. ಅವನು "ಒಳ್ಳೇದಾಯ್ತು. ನಿನಗೊಂದು ಚಿಕ್ಕ ಬ್ಯಾಗು ಬೇಕಾಗುತ್ತೆ," ಅಂದ.

ಅದರ ಮುಂದಿನ ಮಾತಿಗೆ ನಾನು ಮೂರು ವಾರ ಕಾದೆ. ಈಸ್ಟರಿಗೆ ಮುಂಚಿನ ನೋಂಬಿನ ದಿನಗಳು, ಚರ್ಚುಗಳಲ್ಲಿ ಮದುವೆಯಿಲ್ಲ, ಕೆಲಸವಿಲ್ಲ, ಮಾತಾಡಲು ಬೇಕಾದಷ್ಟು ಬಿಡುವಿತ್ತು. ಅವನು ಆಡಿದ್ದೆಲ್ಲ ಬ್ಯಾಗಿನ ಮಾತೇ. ಈವತ್ತು ಶನಿವಾರ. ಸೋಮವಾರ ನಾನು ಕೆಲಸಕ್ಕೆ ಸೇರಬೇಕು. ಈ ಮನುಷ್ಯ ಇನ್ನೂ ಜಿಪ್ ಎಳೆದು ನೋಡುತ್ತಿದ್ದಾನೆ.

"ಮೊದಲನೇದರಲ್ಲಿ ಏನು ತಪ್ಪಿತ್ತು ಅಂತ ಇನ್ನೊಂದು ಸಲ ಹೇಳು," ಅಂದೆ.

"ವೆಲ್ಕ್ರೋ. ಒಲ್ಲೂರಿನ ಮದುವೇಲಿ ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಿದ್ದಾಗ ನೀನು ಚರ್ರ್ ಅಂತ ಎಳೆದಿದ್ದು ಮರೆತುಹೋಯ್ತಾ? ಅವರು ಪ್ರಾರ್ಥನೆ ನಿಲ್ಲಿಸಿ ನಿನ್ನನ್ನೇ ನೋಡಿದ್ರು."

"ನಾನಿನ್ನು ಚರ್ಚಿಗೆ ಹೋಗ್ತಿಲ್ಲ ಸಿಜೋ. ಮಂತ್ರಿಗಳ ಭಾಷಣಕ್ಕೆ ಹೋಗ್ತಿದ್ದೀನಿ. ಅಲ್ಲಿ ಚರ್ರ್ ಅಂದರೆ ಜನ ಖುಷಿಪಡ್ತಾರೆ."

"ಎರಡನೇದು ಚರ್ಮದ್ದು, ಭಾರ. ನಿನ್ನ ಎಡಗಡೆ ಹೆಗಲು ನೋಯುತ್ತೆ."

"ಮೂರನೇದು?"

"ಅದರ ಮುಚ್ಚಳ ಹೊರಗಡೆಯಿಂದ ತೆರೆಯುತ್ತೆ. ಬಸ್ಸಲ್ಲಿ ಪಕ್ಕದಲ್ಲಿರೋನು ಕೈ ಹಾಕಬಹುದು. ಮುಚ್ಚಳ ಮೈಕಡೆಯಿಂದ ತೆರೀಬೇಕು."

"ಆರನೇದು ಮೈಕಡೆಯಿಂದಾನೇ ತೆರೀತಿತ್ತಲ್ಲ."

"ಅದನ್ನ ಕೆಳಗಿಟ್ಟರೆ ಮಗುಚಿಕೊಳ್ಳುತ್ತೆ."

"ನಿನ್ನನ್ನೇ ಒಂದು ದಿನ ಮಗುಚಿ ಹಾಕ್ತೀನಿ," ಅಂದೆ.

ಅವನು ತಲೆಯೆತ್ತಿ ನೋಡಿದ. ನಕ್ಕನೋ ಇಲ್ಲವೋ ಎನ್ನುವ ಹಾಗೆ ಮೀಸೆಯ ಎಡತುದಿ ಮಾತ್ರ ಒಂದಿಷ್ಟು ಮೇಲೆ ಹೋಯಿತು. ಸಿಟ್ಟು ಬರುವುದು ಇದಕ್ಕೇ. ಬೈಯಬೇಕೆಂದು ಬಾಯಿ ತೆರೆದಾಗೆಲ್ಲ ಆ ಮೀಸೆ ಹೀಗೆ ಮಾಡುತ್ತದೆ, ಬೈಗುಳದ ಅರ್ಧ ನನ್ನಲ್ಲೇ ಉಳಿದುಬಿಡುತ್ತದೆ.

"ಚೇಟ್ಟಾ, ಇದೂ ಆಗಲ್ಲ," ಅಂದ ಅವನು, ದೇವಸ್ಸಿ ಚೇಟ್ಟನಿಗೆ. "ತುಂಬಿಸಿದರೆ ಜಿಪ್ ಹಾಕೋಕಾಗಲ್ಲ."

"ಏನಪ್ಪಾ ತುಂಬಿಸ್ತಿದ್ದೀಯ ಅದರಲ್ಲಿ, ಹಸಿಮೀನಾ? ಒಂದು ಕ್ಯಾಮೆರಾ, ಎರಡು ಲೆನ್ಸು ಆರಾಮಾಗಿ ಹಿಡಿಯೋ ಬ್ಯಾಗು ಅದು. ಇಡೀ ಜಿಲ್ಲೆಗೆ ಮಾರಿದ್ದೀನಿ."

ನಾನೇ ಅವನೆದುರು ಕೂತೆ. ಬ್ಯಾಗನ್ನು ನನ್ನ ಕಡೆ ಎಳೆದುಕೊಂಡು ಒಂದೊಂದೇ ಸಾಮಾನು ಹೊರಗಿಟ್ಟೆ. ನನ್ನ ಕ್ಯಾಮೆರಾ, ನನ್ನ ಎರಡು ಲೆನ್ಸು, ಸರಿ. ಆಮೇಲೆ ಬ್ಯಾಟರಿ ಬಂತು, ಆರು.

"ನನ್ನ ಕ್ಯಾಮೆರಾಗೆ ಇವುಗಳಲ್ಲಿ ಎರಡು. ಉಳಿದ ನಾಲ್ಕು ಯಾವ ಕ್ಯಾಮೆರಾದ್ದು?"

ಅವನು ಒಂದು ಬ್ಯಾಟರಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

"ಫ್ಲಾಶ್ ಎರಡು ಯಾಕೆ? ಮಳೆ ಕವರ್ ಎರಡು ಯಾಕೆ? ಈ ಮಾತ್ರೆ ಯಾರದು? ನನಗೆ ಯಾವತ್ತಾದರೂ ಆಸಿಡಿಟಿ ಆಗಿದ್ಯಾ? ಮದುವೆಮನೇಲಿ ಮೂರು ಸಲ ಪಾಯಸ ಹಾಕಿಸ್ಕೊಳ್ಳೋನು ಯಾರು?"

"ನಾನು."

"ಒಂದೊಂದು ಬ್ಯಾಗಿಗೂ ಇದನ್ನೆಲ್ಲ ತುಂಬಿಸಿ ನೋಡಿದ್ಯಾ? ಒಂಬತ್ತಕ್ಕೂ?"

"ಹೂಂ."

ದೇವಸ್ಸಿ ಚೇಟ್ಟನ್ ಕೌಂಟರಿನ ಆಚೆ ಹಣೆ ಒತ್ತಿಕೊಂಡರು.

"ಸಿಜೋ, ನಾನು ಒಬ್ಬಳೇ ಹೋಗ್ತಿರೋದು," ಅಂದೆ. ಕೂಗಬೇಕೆಂದಿದ್ದೆ. ದನಿ ಅರ್ಧದಲ್ಲೇ ಇಳಿದುಹೋಯಿತು.

ಅವನು ಬ್ಯಾಟರಿಗಳನ್ನು ಸಾಲಾಗಿ ಜೋಡಿಸತೊಡಗಿದ. ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸಿದ. "ಬೇಕಂತ ಮಾಡಿದ್ದಲ್ಲ ರಿನ್ಸಿ. ಆರು ವರ್ಷದಿಂದ ಬೆಳಿಗ್ಗೆ ಎದ್ದು ಇದನ್ನೇ ಮಾಡಿದ್ದೀನಿ. ಒಬ್ಬರಿಗೆ ಎಷ್ಟು ಬೇಕು ಅಂತ ನನ್ನ ಕೈಗೆ ಗೊತ್ತಾಗ್ತಿಲ್ಲ."

"ಇದು ಬ್ಯಾಗಿನ ಮಾತಾ?"

"ಅಲ್ಲ."

"ಮತ್ತೆ?"

ಅವನು ದೇವಸ್ಸಿ ಚೇಟ್ಟನ ಕಡೆ ನೋಡಿದ. "ನಾನಿಲ್ಲ ಅಂದ್ಕೋ," ಅಂದು ಅವರು ಗೋಡೆಯ ಕಡೆ ತಿರುಗಿ, ತಮ್ಮದೇ ಟ್ರೈಪಾಡುಗಳನ್ನು ಹೊಸದಾಗಿ ನೋಡುವವರಂತೆ ನೋಡುತ್ತ ನಿಂತರು.

"ಇವರ ಮುಂದೆ ಹೇಗೆ ಹೇಳಲಿ?" ಎಂದು ಪಿಸುಗುಟ್ಟಿದ.

"ಐನೂರು ಜನರ ಮುಂದೆ ಚರ್ಚಿನ ಬೆಂಚು ಹತ್ತಿ ನಿಲ್ಲೋನು ನೀನು."

"ಅಲ್ಲಿ ಮದುವೆ ಬೇರೆಯವರದು."

ನನ್ನ ಕಿವಿ ಬಿಸಿಯಾಯಿತು. ಆದರೂ ಬಿಡಬಾರದೆನಿಸಿತು. ಈಗ ಬಿಟ್ಟರೆ ಇವನು ಹತ್ತನೇ ಬ್ಯಾಗು ಕೇಳುತ್ತಾನೆ.

"ಮೂರು ವಾರ ಏನು ಮಾಡ್ತಿದ್ದೆ?"

"ಯೋಚನೆ ಮಾಡ್ತಿದ್ದೆ. ಹೇಳಿದರೆ ನೀನು ಕೆಲಸ ಬಿಟ್ಟು ಇಲ್ಲೇ ಇದ್ದುಬಿಡ್ತೀಯೇನೋ ಅಂತ ಭಯ. ಆಮೇಲೆ ಜೀವನವಿಡೀ ಯಾರದೋ ಮಾವನಿಗೆ ಬಿರಿಯಾನಿ ಕ್ಯೂನ ಫೋಟೋ ತೆಗೆದುಕೊಡ್ತಾ ನನ್ನ ಮುಖ ನೋಡ್ತೀಯ. ಹೇಳದಿದ್ದರೆ ನೀನು ಹೋಗಿಬಿಡ್ತೀಯ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಅಂತ ಗೊತ್ತಾಗಲಿಲ್ಲ. ಅದಕ್ಕೇ ಬ್ಯಾಗು ನೋಡಿದೆ."

ಇಷ್ಟುದ್ದ ಮಾತನ್ನು ಅವನು ಒಂದೇ ಉಸಿರಿಗೆ ಆಡಿದ್ದು ನಾನು ಯಾವತ್ತೂ ಕೇಳಿರಲಿಲ್ಲ. ಹಣೆಯಲ್ಲಿ ಬೆವರಿನ ಹನಿಗಳು ಸಾಲುಗಟ್ಟಿದ್ದವು. ಒರೆಸಬೇಕೆಂದು ನನ್ನ ಕೈ ಮೇಲೆದ್ದಿತು, ಸಿಟ್ಟಿನಲ್ಲಿದ್ದೇನೆಂದು ನೆನಪಾಗಿ ಕೆಳಗಿಳಿಯಿತು.

"ನೀನು ಹೇಳಿದರೆ ನಾನು ಕೆಲಸ ಬಿಡ್ತೀನಿ ಅಂತ ಯಾರು ಹೇಳಿದ್ದು ನಿನಗೆ? ಎಷ್ಟು ಜಂಬ ನೋಡು."

"ಬಿಡಲ್ವಾ?"

"ಇಲ್ಲ ಮಾರಾಯ. ಸೋಮವಾರ ಬೆಳಿಗ್ಗೆ ರೈಲು ಹತ್ತೇ ಹತ್ತುತ್ತೀನಿ."

"ಆಮೇಲೆ?"

"ಆಮೇಲೆ ರಜಾ ಬಂದ ದಿನ ಇನ್ನೊಂದು ರೈಲು ಹತ್ತಿ ಇಲ್ಲಿಗೆ ಬರ್ತೀನಿ. ಒಂದೂವರೆ ಗಂಟೆ ದಾರಿ. ನೀನೇನು ಎರ್ನಾಕುಲಂ ಅಂದರೆ ದುಬೈ ಅಂದ್ಕೊಂಡಿದ್ಯಾ?"

ಗೋಡೆಯ ಕಡೆಯಿಂದ ಒಂದು ಕೆಮ್ಮು ಬಂತು. ನಗು ನುಂಗಿದ ಕೆಮ್ಮು.

ಸಿಜೋ ನನ್ನನ್ನೇ ನೋಡುತ್ತಿದ್ದ. ಆರು ವರ್ಷದಲ್ಲಿ ಕೈಗಳನ್ನೇ ಹಿಡಿದವನು, ಮುಖದ ಕೆಲಸವನ್ನೆಲ್ಲ ನನಗೇ ಬಿಟ್ಟವನು. ಈಗ ನೋಡಿದ ನೋಟ ನನ್ನ ಹುಬ್ಬಿನಿಂದ ಹೊರಟು, ಮೂಗುತಿಯ ಹತ್ತಿರ ತಡೆದು, ತುಟಿಯವರೆಗೆ ಬಂದು, ಪೆಚ್ಚಾಗಿ ಮತ್ತೆ ಬ್ಯಾಟರಿಯ ಮೇಲೆ ಬಿತ್ತು.

"ಈಸ್ಟರ್ ಆದ ಮೇಲೆ ಅಪ್ಪನ್ನ ನಿಮ್ಮನೆಗೆ ಕಳಿಸ್ತೀನಿ," ಅಂದ.

"ನಿಮ್ಮಪ್ಪ ಬಂದು ಏನು ಹೇಳಬೇಕೋ ಅದನ್ನ ಅವರು ಹೇಳ್ಲಿ. ನೀನು ಹೇಳಬೇಕಾದ್ದನ್ನ ನೀನು ಹೇಳು."

"ಗೊತ್ತಾಯ್ತಲ್ಲ ನಿನಗೆ."

"ಗೊತ್ತಾಗಿ ಬಹಳ ದಿನ ಆಯ್ತು. ಕೇಳೋಕೆ ಅಂತ ಕೂತಿದ್ದೀನಿ."

ಅವನು ಬ್ಯಾಟರಿಗಳನ್ನು ಪಕ್ಕಕ್ಕೆ ಸರಿಸಿದ. "ನೀನಂದ್ರೆ ಇಷ್ಟ ರಿನ್ಸಿ. ತುಂಬಾ. ಎರಡನೇ ವರ್ಷದಿಂದ."

"ಮೊದಲನೇ ವರ್ಷ ಏನಾಗಿತ್ತು?"

"ಮೊದಲನೇ ವರ್ಷ ನಿನ್ನ ಕಂಡರೆ ಹೆದರಿಕೆ ಆಗ್ತಿತ್ತು."

"ಈಗ?"

"ಈಗ ಎರಡೂ ಆಗುತ್ತೆ."

ಇಂಥವನ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲು ಸಾಧ್ಯ? ದುಪಟ್ಟಾದ ತುದಿಯಿಂದ ಅವನ ಹಣೆ ಒರೆಸಿದೆ. ಸ್ವಲ್ಪ ಒರಟಾಗಿಯೇ.

"ನನಗೂ ಇಷ್ಟ," ಅಂದೆ. "ಆದರೆ ನಿನ್ನ ಜೊತೆ ಇನ್ನು ಈ ಜನ್ಮದಲ್ಲಿ ಬ್ಯಾಗು ಕೊಳ್ಳೋಕೆ ಬರಲ್ಲ."

"ಆಯ್ತಲ್ಲ?" ದೇವಸ್ಸಿ ಚೇಟ್ಟನ್ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು, ಮಾತು ಮಾತ್ರ ವ್ಯಾಪಾರದ್ದೇ. "ಈಗಲಾದರೂ ಹೇಳಿ ಮಕ್ಕಳೇ, ಯಾವ ಬ್ಯಾಗು ಕಟ್ಟಲಿ?"

ನಾನು ಮೂರನೇದನ್ನು ತೋರಿಸಿದೆ. ಅದೇ ಕ್ಷಣಕ್ಕೆ ಅವನ ಬೆರಳು ಆರನೇದರ ಕಡೆ ಹೋಗಿತ್ತು.

"ಮಗುಚಿಕೊಳ್ಳುತ್ತೆ ಅಂದ್ಯಲ್ಲ," ಅಂದೆ.

"ನಿನ್ನದರಲ್ಲಿ ಕಳ್ಳ ಕೈ ಹಾಕ್ತಾನೆ."

"ಹಾಕ್ಲಿ. ಚೇಟ್ಟಾ, ಮೂರನೇದು."

ಬಣ್ಣ ಮಾಸಿದಂತೆ ಕಾಣುವ ಬೂದು ಕ್ಯಾನ್ವಾಸಿನ ಚಿಕ್ಕ ಬ್ಯಾಗು. ಒಂದು ಕ್ಯಾಮೆರಾ, ಎರಡು ಲೆನ್ಸು, ಎರಡು ಬ್ಯಾಟರಿ ಹಾಕಿದೆ. ಜಿಪ್ ಸಲೀಸಾಗಿ ಮುಚ್ಚಿತು. ಸಿಜೋ ಎದ್ದು ನಿಂತು ಪಟ್ಟಿಯನ್ನು ನನ್ನ ಅಳತೆಗೆ ಗಿಡ್ಡ ಮಾಡಿದ. ಒಂದು ಸಲ ಜಾಸ್ತಿ ಎಳೆದ, ಮತ್ತೆ ಬಿಟ್ಟ, ಮತ್ತೆ ಎಳೆದ. ಅಷ್ಟು ಹೊತ್ತು ಬೇಕಾದ ಕೆಲಸವಲ್ಲ ಅದು. ನಾನೂ ಅವಸರ ಮಾಡಲಿಲ್ಲ.

"ಓಡಿದರೆ ಸೊಂಟಕ್ಕೆ ಹೊಡೆಯುತ್ತೆ ಇದು," ಎಂದು ಗೊಣಗಿದ.

"ಓಡಲ್ಲ ಬಿಡು."

ಹೊರಗೆ ಬಿಸಿಲು ರಾಚುತ್ತಿತ್ತು. ರೌಂಡಿನಲ್ಲಿ ಬಸ್ಸುಗಳೆಲ್ಲ ಹಾರ್ನ್ ಹೊಡೆಯುತ್ತ ನಿಂತಿದ್ದವು. ಯಾವುದೋ ಉತ್ಸವಕ್ಕೆ ಹೊರಟ ಆನೆಯ ಲಾರಿಯೊಂದು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ಆನೆ ಸೊಂಡಿಲು ಚಾಚಿ, ಪಕ್ಕದ ತಳ್ಳುಗಾಡಿಯ ಮೇಲಿದ್ದ ನೇಂದ್ರ ಬಾಳೆಯ ಒಂದು ಚಿಪ್ಪನ್ನು ಹಾಗೇ ಎತ್ತಿಕೊಂಡಿತು. ಗಾಡಿಯವನು ಮಾವುತನಿಗೆ ಬಯ್ಯತೊಡಗಿದ, ಮಾವುತ ಆನೆಗೆ ಬಯ್ಯತೊಡಗಿದ, ಬೀದಿಗೆ ಬೀದಿಯೇ ಮೊಬೈಲ್ ಎತ್ತಿ ಫೋಟೋ ತೆಗೆಯತೊಡಗಿತು. ಸಿಜೋ ನನ್ನ ಕೈ ಹಿಡಿದುಕೊಂಡು ಬಾಯಿಬಿಟ್ಟು ನೋಡುತ್ತ ನಿಂತಿದ್ದ. ಅವನ ಕೈ ಬಿಟ್ಟರೆ ಮಾತ್ರ ಬ್ಯಾಗಿನಿಂದ ಕ್ಯಾಮೆರಾ ತೆಗೆಯಬಹುದಿತ್ತು, ನಾನು ಬಿಡಲಿಲ್ಲ. ಸಿಗ್ನಲ್ ಬಿಟ್ಟಿತು. ಲಾರಿ ಹೊರಟಿತು.