ತಂತಿಯಿಲ್ಲದ ಫೋನು

ತಿಥಿ ಮುಗಿದು ತಮ್ಮನೊಬ್ಬನನ್ನು ಬಿಟ್ಟು ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ಅರಸೀಕೆರೆಯ ಆ ಬಾಡಿಗೆ ಮನೆಗೆ ಹಾಲಿನವನು ಬಂದ. ನಲ್ಲಿಯಲ್ಲಿ ನೀರು ಬಂತು. ಎಲ್ಲ ಎಂದಿನಂತೆ!

ಮಂಜುಶ್ರೀ ಗೂಡಿನಲ್ಲಿದ್ದ ಕಪ್ಪು ಫೋನನ್ನೇ ನೋಡುತ್ತ ನಿಂತಳು.

ಅದಕ್ಕೆ ತಂತಿಯೇ ಇರಲಿಲ್ಲ. ಎಸ್‌ಟಿಡಿ ಬೂತಿನ ಕಲ್ಲೇಶಪ್ಪನಿಂದ ಅವಳ ಗಂಡ ಗುರುಮೂರ್ತಿ ಕೇಳಿ ತಂದಿದ್ದ ಕೆಟ್ಟ ಫೋನು. ಕೊಬ್ಬರಿ ಎಣ್ಣೆ ಕಂಪನಿಯಲ್ಲಿ ಅಂಗಡಿಯವರ ಖಾತೆ ನೋಡಿಕೊಳ್ಳುವ ಕೆಲಸಕ್ಕೆ ಅವಳನ್ನು ಇಂಟರ್‌ವ್ಯೂಗೆ ಕರೆದಿದ್ದರು. ಎಂ.ಎ. ಓದಿದ್ದರೂ ಫೋನು ಹಿಡಿದರೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಅದಕ್ಕೇ ಮನೆಯಲ್ಲಿ ಅಭ್ಯಾಸ.

ಆ ಕೊನೆಯ ಸಂಜೆ ಅವನು ಅಡುಗೆಮನೆಯಲ್ಲಿ ಸೌಟನ್ನು ಕಿವಿಗಿಟ್ಟುಕೊಂಡು ಗಿರಾಕಿಯಾಗಿದ್ದ.

“ಏನ್ರೀ, ನಿಮ್ ಎಣ್ಣೆ ಡಬ್ಬ ಸೋರ್ತಾ ಐತೆ!”

“ಅದು... ಸರ್... ಅದು...”

“ಮಾತೇ ಬರಲ್ವಾ ನಿಮ್ಗೆ?”

“ಬರುತ್ತೆ ರೀ! ಕೇಳೋ ತಾಳ್ಮೆ ನಿಮಗಿರಬೇಕು!”

ಅವನು ಜೋರಾಗಿ ನಕ್ಕುಬಿಟ್ಟ.

“ನನ್ನ ನೋಡಿ ನಗ್ತೀರಾ?” ಅವಳು ರಿಸೀವರ್ ಕುಕ್ಕಿದಳು.

ಮರುದಿನ ಬೇಲೂರಿಗೆ ಹೊರಡುವಾಗ ಅವನೇ ಅದನ್ನೆತ್ತಿ ಅವಳತ್ತ ಚಾಚಿದ್ದ. “ಹಲೋ ಮೇಡಂ, ಸಿಟ್ಟು ಇಳೀತಾ?”

ಅವಳು ಮುಖ ತಿರುಗಿಸಿದಳು. ಬೈಕು ಹೋದ ಸದ್ದು ಕೇಳಿಸಿತು. ಆಮೇಲೆ, ಬೇಲೂರು ರಸ್ತೆಯಲ್ಲಿ ಒಂದು ಲಾರಿ...

“ಅಕ್ಕ, ಇಂಟರ್‌ವ್ಯೂ ಗಿಂಟರ್‌ವ್ಯೂ ಈಗ್ಯಾಕೆ? ನಮ್ಜೊತೆ ಬಾಣಾವರಕ್ಕೆ ಬಂದ್ಬಿಡು,” ಎಂದ ಅವಳಿಗಾಗಿ ಉಳಿದುಕೊಂಡಿದ್ದ ತಮ್ಮ ಶಶಿ.

“ಇವತ್ತೇ ಕಣೋ ಅದು. ಕೆಲಸ ಸಿಗದಿದ್ರೆ ಬರ್ತೀನಿ.”

ಸಿಗದಿದ್ದರೆ, ಗುರುಮೂರ್ತಿ ನಕ್ಕ ಈ ಮನೆಯೂ ಕೈಬಿಟ್ಟು ಹೋಗುತ್ತದೆ...

ಎಣ್ಣೆ ಕಂಪನಿಯಲ್ಲಿ ಮ್ಯಾನೇಜರ್ ಇಂದುಧರ ಅವಳ ಸರ್ಟಿಫಿಕೇಟುಗಳನ್ನು ಪಕ್ಕಕ್ಕಿಟ್ಟರು. “ಹಳೇಬೀಡಿನ ಅಂಗಡಿ ದೇವೀರಪ್ಪನೋರು ನಮ್ಮ ಎಣ್ಣೆ ತಗೊಳ್ಳೋದು ನಿಲ್ಸಿದಾರೆ. ಮಾತಾಡಿ ನೋಡೋಣ.” ಅವರೇ ನಂಬರ್ ತಿರುಗಿಸಿ, ಕಂಪನಿಯ ಹೆಸರು ಹೇಳಿ ರಿಸೀವರ್ ಕೊಟ್ಟರು. ಅವಳು ‘ಹಲೋ’ ಎನ್ನುತ್ತಲೇ ದೇವೀರಪ್ಪ ಗುಡುಗಿದರು.

“ಡಬ್ಬ ಸೋರ್ತೈತೆ ಅಂದ್ರೆ ನಿಮ್ ಹುಡುಗ ನಕ್ಬಿಟ್ನಲ್ಲಮ್ಮಾ! ನಾನೇನು ಕೋತಿನಾ? ಇಡು ಫೋನ!”

ಅದೇ ಡಬ್ಬ... ಅದೇ ನಗು...

“ಇಡಬೇಡಿ!”

ಇಂದುಧರ ತಲೆಯೆತ್ತಿದರು.

“ನಗ್ತಾರೆ ಅಂದ್ರೆ ಎಷ್ಟು ನೋವಾಗುತ್ತೆ, ನಂಗೊತ್ತು. ನನ್ನನ್ನ ಬೈರಿ, ಕೇಳ್ತೀನಿ. ಆದ್ರೆ ಸಿಟ್ಟಲ್ಲಿ ಫೋನು ಕುಕ್ಕಬೇಡಿ. ಆಮೇಲೆ ನಾವು ಮಾತಾಡ್ಬೇಕು ಅಂದ್ಕೊಂಡಾಗ... ಆ ಕಡೆ ಯಾರೂ ಇರಲ್ಲ.”

ದೇವೀರಪ್ಪನವರ ದನಿ ತಗ್ಗಿತು.

“ಅಳ್ತಿದೀಯೇನವ್ವ?”

“ಇಲ್ಲ... ನಾಳೆ ನಾನೇ ಬಂದು ಡಬ್ಬ ನೋಡ್ತೀನಿ.”

“ಬಾ ಮತ್ತೆ. ಊಟ ಮಾಡ್ಕೊಂಡು ಹೋಗುವಂತೆ.”

ಇಂದುಧರ ಮೆಲ್ಲಗೆ ಹೇಳಿದರು, “ಹಾಗಾದ್ರೆ ನಾಳೆ ನಿಮ್ಮ ಮೊದಲ ದಿನ.”

ಮನೆಗೆ ಬಂದವಳೇ ಅವಳು ಫೋನನ್ನು ಸೆರಗಿನಲ್ಲಿ ಒರೆಸಿ ಬೂತಿಗೆ ಒಯ್ದಳು.

“ಕೆಟ್ಟ ಫೋನು, ಇಟ್ಕೊ ಬಿಡವ್ವ,” ಎಂದ ಕಲ್ಲೇಶಪ್ಪ.

“ವಾಪಸ್ ಕೊಡ್ತೀನಿ ಅಂತ ಅವರು ಹೇಳಿದ್ರಲ್ಲಣ್ಣ.”

“ಹೇಳಿದ್ದ. ಅವತ್ತು ಬೇಲೂರಿಗೆ ಹೋಗೋವಾಗ್ಲೂ ಇಲ್ಲಿ ನಿಂತಿದ್ದ. ‘ಅಣ್ಣ, ಇನ್ನಷ್ಟು ದಿನ ಇರ್ಲಿ. ನಿನ್ನೆ ಸಿಟ್ಟಲ್ಲಿ ಒಂದ್ ಮಾತೂ ತಡವರಿಸ್ಲಿಲ್ಲ ನಮ್ ಮಂಜು! ಕೆಲಸ ಅವಳ್ದೇ’ ಅಂತ ನಗ್ತಾನೇ ಇದ್ದ ಕಣವ್ವ.”

ಓ... ಅದಕ್ಕಾ ನಕ್ಕಿದ್ದು!

ತಿಥಿಯಲ್ಲೂ ಬಾರದ ಕಣ್ಣೀರು ಈಗ ಬಂತು. ಅವಳು ರಿಸೀವರ್ ಎತ್ತಿ ಕಿವಿಗೆ ಒತ್ತಿಕೊಂಡಳು.

“ಹಲೋ... ಸಿಟ್ಟು ಇಳೀತು ರೀ. ಕೆಲಸ ಸಿಕ್ತು.”

ಕಲ್ಲೇಶಪ್ಪ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. “ಏನಂದ?”

“ನಗ್ತಿದಾರೆ.”

ರಿಸೀವರನ್ನು ಸದ್ದಾಗದಂತೆ ಇಟ್ಟು, ಅವಳು ಫೋನನ್ನು ಅವನತ್ತ ಸರಿಸಿದಳು.