ಜೌಗುಮಲ್ಲನೂ ಒಣ ಕೋಳಿಯಂಗಳವೂ

ಬಹಳ ಬಹಳ ಹಿಂದೆ, ಬೆಟ್ಟಗಳು ಒಂದನ್ನೊಂದು ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ, ಮುಗಿಲಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ನಾಲ್ಕು ತಿಂಗಳು ಚಳಿಗಾಲ. ಬರಿ ಚಳಿಯಲ್ಲ, ಮಂಜು, ಜಿಟಿಜಿಟಿ ಹನಿ, ಕೊರೆಯುವ ಬಡಗಣ ಗಾಳಿ. ಸೂರ್ಯ ಬೆಟ್ಟದ ಹಿಂದೆ ಹೋಗಿ ಕೂತುಬಿಡುತ್ತಿದ್ದ. ಅವನನ್ನು ಮತ್ತೆ ಕರೆಯುವ ಶಕ್ತಿ ಇದ್ದದ್ದು ಒಂದೇ ಒಂದು ಜೀವಕ್ಕೆ. ಅದು ಅರಮನೆಯ ಹುಂಜ, ಹೊಂಜುಟ್ಟ. ಚಳಿಗಾಲದ ಕೊನೆಯ ದಿನ ಹೊಂಜುಟ್ಟ ಕೂಗಿದರೆ ಸೂರ್ಯ ಎದ್ದು ಬರುತ್ತಿದ್ದ. ಕೂಗದಿದ್ದರೆ ಇಲ್ಲ.

ಹಾಗಾಗಿ ಆ ರಾಜ್ಯದಲ್ಲಿ ಕೋಳಿ ಸಾಕುವುದು ಸಣ್ಣ ಕೆಲಸವಾಗಿರಲಿಲ್ಲ. ಚಳಿಗಾಲ ಬಂದರೆ ರಾಣಿ ನೀಲಾಂಬೆ ಹೊಂಜುಟ್ಟನನ್ನೂ ಅರಮನೆಯ ಇಪ್ಪತ್ತನಾಲ್ಕು ಹೇಂಟೆಗಳನ್ನೂ ಕೆಂಚವ್ವ ಎಂಬ ಹೆಂಗಸಿನ ಕೈಗೆ ಒಪ್ಪಿಸುತ್ತಿದ್ದಳು. ಹತ್ತು ವರ್ಷ ಹಾಗೇ ನಡೆಯಿತು. ಬೀದಿಯಲ್ಲಿ ಕೆಂಚವ್ವ ಬಂದರೆ ಜನ ದಾರಿ ಬಿಡುತ್ತಿದ್ದರು. "ಹುಂಜದ ಅಮ್ಮ ಬಂದರು" ಎನ್ನುತ್ತಿದ್ದರು. ಅವಳಿಗೆ ಮಕ್ಕಳಿರಲಿಲ್ಲ. ಆ ಮಾತು ಕೇಳಿದಾಗ ಅವಳ ಎದೆ ತುಂಬುತ್ತಿತ್ತು.

ಹನ್ನೊಂದನೆಯ ವರ್ಷ ಅವಳ ಮೈದುನ ಮದುವೆಯಾದ. ತಗ್ಗಿನ ಹೊಳೆಸೀಮೆಯಿಂದ ಸಣ್ಣೀರಿ ಎಂಬ ಹುಡುಗಿ ಓರಗಿತ್ತಿಯಾಗಿ ಬಂದು ಪಕ್ಕದ ಮನೆಯಲ್ಲಿ ಒಲೆ ಹೂಡಿದಳು. ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಚಳಿ ಶುರುವಾಗುವ ಮೊದಲೇ ಗಂಡಸರಿಬ್ಬರೂ ಕುರಿ ಹೊಡೆದುಕೊಂಡು ಬೆಚ್ಚಗಿನ ಸೀಮೆಗೆ ಇಳಿದು ಹೋದರು. ಹೆಂಗಸರಿಬ್ಬರೇ ಉಳಿದರು.

ಆ ವರ್ಷ ಅರಮನೆಯ ಆಳು ಬಂದು, "ಹೇಂಟೆಗಳಲ್ಲಿ ಹನ್ನೆರಡು ಕೆಂಚವ್ವನಿಗೆ, ಹನ್ನೆರಡು ಸಣ್ಣೀರಿಗೆ. ಹೊಂಜುಟ್ಟ ಸಣ್ಣೀರಿಯ ಹತ್ತಿರ ಇರಲಿ ಅಂತ ರಾಣಿಯವರ ಅಪ್ಪಣೆ" ಎಂದ.

"ಯಾಕೆ?" ಎಂದಳು ಕೆಂಚವ್ವ.

"ಹೋದ ವರ್ಷ ಹುಂಜ ಕೆಮ್ಮುತ್ತಿತ್ತಂತಲ್ಲ ತಾಯಿ. ರಾಣಿಯವರು ಸಣ್ಣೀರಿಯ ಅಂಗಳ ನೋಡಿಕೊಂಡು ಹೋಗಿದ್ದಾರೆ."

ಕೆಂಚವ್ವ ತಲೆಯಾಡಿಸಿ ಒಳಗೆ ಹೋದಳು.

ಮರುದಿನದಿಂದ ಅವಳಿಗೆ ಬೇಲಿ ಸಂದಿಯೇ ಮನೆಯಾಯಿತು. ಸಣ್ಣೀರಿ ಅಂಗಳಕ್ಕೆ ಮಣ್ಣು ಹೊತ್ತು ತಂದು ಮೊಣಕಾಲೆತ್ತರ ಏರಿಸಿದ್ದಳು. ಸುತ್ತ ಕಾಲುವೆ ತೋಡಿದ್ದಳು. ಮಣ್ಣಿನ ಮೇಲೆ ಮರಳು, ಮರಳಿನ ಮೇಲೆ ಒಂದು ಗೇಣು ದಪ್ಪ ತರಗೆಲೆ ಮತ್ತು ಭತ್ತದ ಹೊಟ್ಟು. ಮೇಲೆ ಹುಲ್ಲಿನ ಮಾಡು, ಅದರ ಸೂರು ಎರಡು ಮೊಳ ಹೊರಗೆ ಚಾಚಿತ್ತು. ಬಡಗಣ ದಿಕ್ಕಿಗೆ ದಪ್ಪ ತಟ್ಟಿ. ಒಂದು ಮೂಲೆಯಲ್ಲಿ ಕೋಳಿಗಳು ಹೊರಳಾಡಲು ಬೂದಿ ತುಂಬಿದ ಗುಂಡಿ. ಬೆಳಗ್ಗೆ ಒಂದು ಹಿಡಿ ರಾಗಿಯನ್ನು ಹೊಟ್ಟಿನೊಳಗೆ ಎರಚಿದರೆ, ಕೋಳಿಗಳು ಇಡೀ ದಿನ ಕೆದಕಿ ಕೆದಕಿ ಹೊಟ್ಟನ್ನು ಮೇಲೆ ಕೆಳಗೆ ಮಾಡುತ್ತಿದ್ದವು. ನೆಲ ಒಣಗಿಯೇ ಇರುತ್ತಿತ್ತು.

ಕೆಂಚವ್ವನ ಅಂಗಳದಲ್ಲೂ ಮಾಡು ಇತ್ತು, ತಟ್ಟಿ ಇತ್ತು. ಚಳಿ ಬಾರದಿರಲಿ ಎಂದು ಅವಳು ಒಂದೊಂದು ಬಿರುಕಿಗೂ ಚಿಂದಿ ತುರುಕಿ, ಸಗಣಿ ಮೆತ್ತಿ, ಸೂಜಿಯಷ್ಟೂ ಗಾಳಿ ಆಡದಂತೆ ಮುಚ್ಚಿದ್ದಳು. ಆದರೂ ಒಳಗೆ ಗೋಡೆ ಬೆವರುತ್ತಿತ್ತು. ಕೋಳಿಗಳ ಮೂಗಿನಲ್ಲಿ ನೀರು, ಪುಕ್ಕ ಮುದುರಿ ಮೂಲೆಯಲ್ಲಿ ಕೂರುತ್ತಿದ್ದವು. ಪಕ್ಕದ ಅಂಗಳದಲ್ಲಿ ಹೇಂಟೆ ಮೊಟ್ಟೆಯಿಟ್ಟು ಕೊಕ್ಕೊಕ್ಕೋ ಎಂದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಯಾರೋ ಕೆಂಡ ಸುರಿದ ಹಾಗಾಗುತ್ತಿತ್ತು. 'ನಾನು ಇಷ್ಟು ಮುಚ್ಚಿದ್ದೇನೆ, ಅವಳು ಸೂರಿನ ಕೆಳಗೆ ಅಷ್ಟಗಲ ಸಂದು ಬಿಟ್ಟಿದ್ದಾಳೆ. ಆದರೂ ಅವಳದೇ ಬೆಚ್ಚಗಿದೆ. ಇದು ಮಾಟವಲ್ಲದೆ ಇನ್ನೇನು' ಎಂದುಕೊಂಡಳು.

ಒಮ್ಮೆ ಸಣ್ಣೀರಿ ಬೇಲಿಯ ಆಚೆಯಿಂದ, "ಅಕ್ಕ, ನಿಮ್ಮ ಕೋಳಿಗಳು ಸೀನುತ್ತಿವೆ. ನಾನೊಂದು ಸಲ ಬಂದು ನೋಡಲಾ?" ಎಂದಳು.

"ನಾನು ಕೋಳಿ ಸಾಕಲು ಶುರು ಮಾಡಿದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ" ಎಂದು ಕೆಂಚವ್ವ ಬಾಗಿಲು ಹಾಕಿಕೊಂಡಳು.

ನಾಲ್ಕನೆಯ ತಿಂಗಳ ಕೊನೆಯ ಸಂತೆಯಲ್ಲಿ ಯಾರೋ ಸಣ್ಣೀರಿಗೆ ದಾರಿ ಬಿಟ್ಟು, "ಹುಂಜದ ಅಮ್ಮ ಬಂದರು" ಎಂದರು. ಕೆಂಚವ್ವ ಕೊಂಡ ಸೊಪ್ಪನ್ನು ಅಲ್ಲೇ ಬಿಟ್ಟು, ನೆಟ್ಟಗೆ ಊರಾಚೆಯ ಜೌಗಿಗೆ ನಡೆದಳು.

ಆ ಜೌಗಿನಲ್ಲಿ ಜೌಗುಮಲ್ಲ ಎಂಬ ಮಾಂತ್ರಿಕನಿದ್ದ. ಮೊಣಕಾಲವರೆಗೆ ಪಾಚಿಯ ಗಡ್ಡ, ಬೆರಳ ತುದಿಯಿಂದ ಸದಾ ತೊಟ್ಟಿಕ್ಕುವ ನೀರು. ತೇವ ಮುಟ್ಟಿದಲ್ಲೆಲ್ಲ ಅವನ ಆಳ್ವಿಕೆ ನಡೆಯುತ್ತಿತ್ತು.

"ಬಾ ತಾಯಿ. ನಿನ್ನ ಮನೆಗೆ ನಾನು ದಿನವೂ ಬಂದು ಹೋಗುತ್ತೇನೆ, ನೀನೇ ನೋಡಿಲ್ಲ" ಎಂದ ಅವನು. "ಏನಾಗಬೇಕು?"

"ಪಕ್ಕದವಳ ಅಂಗಳವೂ ನನ್ನದರ ಹಾಗಾಗಬೇಕು."

ಜೌಗುಮಲ್ಲ ಗಡ್ಡದೊಳಗಿಂದ ಒಂದು ಹಸಿರು ಕಲ್ಲು ತೆಗೆದ. "ಇದನ್ನು ಅವಳ ಹೊಟ್ಟಿನ ಕೆಳಗೆ ಹೂತಿಡು. ಪ್ರತಿಯಾಗಿ ನನಗೆ ಏನೂ ಕೊಡಬೇಡ. ಒಳಗೆ ಬರಲು ದಾರಿಯಾದರೆ ಸಾಕು."

ಆ ಕೊನೆಯ ಮಾತು ಕೆಂಚವ್ವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಧ್ಯಾಹ್ನ ಸಣ್ಣೀರಿ ನೀರಿಗೆ ಹೋದಾಗ ಅವಳು ಬೇಲಿ ದಾಟಿ ಕಲ್ಲನ್ನು ಹೂತಳು. ಹೊಂಜುಟ್ಟ ಕತ್ತು ಓರೆ ಮಾಡಿ ಅವಳನ್ನೇ ನೋಡಿತು. ಹತ್ತು ವರ್ಷ ಅವಳ ಕೈಯಿಂದ ಕಾಳು ತಿಂದಿದ್ದ ಹುಂಜ ಹತ್ತಿರ ಬಂದು ಅವಳ ಬೆರಳನ್ನು ಮೆಲ್ಲಗೆ ಕುಕ್ಕಿತು. ಅವಳು ಕೈ ಎಳೆದುಕೊಂಡು ಬಂದುಬಿಟ್ಟಳು.

ಬೆಳಗಾಗುವಷ್ಟರಲ್ಲಿ ಸಣ್ಣೀರಿಯ ಅಂಗಳ ಕೆಸರಾಗಿತ್ತು. ಕಲ್ಲಿದ್ದ ಜಾಗದಿಂದ ನೀರು ಗುಳುಗುಳು ಉಕ್ಕುತ್ತಿತ್ತು. ಹೊಂಜುಟ್ಟನೂ ಹನ್ನೆರಡು ಹೇಂಟೆಗಳೂ ಸಾಲಾಗಿ ಮಂಜಿನೊಳಗೆ ನಡೆದು ಹೋಗುತ್ತಿದ್ದವು. ಕೆಂಚವ್ವ ತನ್ನ ಅಂಗಳದ ಕಡೆ ತಿರುಗಿ ನೋಡಿದಳು. ಅವಳ ಕೋಳಿಗಳೂ ಬಾಗಿಲು ತಳ್ಳಿಕೊಂಡು ಅದೇ ಸಾಲಿಗೆ ಸೇರುತ್ತಿದ್ದವು.

ಅವಳು ಓಡಿ ಜೌಗು ಮುಟ್ಟಿದಾಗ ಅಲ್ಲಿ ಇಪ್ಪತ್ತೈದು ಕರಿಕಲ್ಲುಗಳು ನೀರಿನಲ್ಲಿ ಅರ್ಧ ಮುಳುಗಿ ಬಿದ್ದಿದ್ದವು.

"ನನ್ನ ಕೋಳಿಗಳನ್ನೂ ಯಾಕೆ ತಂದೆ?" ಎಂದಳು.

"ನಿನ್ನದು, ಅವಳದು ಅಂತ ತೇವಕ್ಕೆ ಗೊತ್ತಾಗುತ್ತದೆಯೇ? ಇನ್ನು ಐದು ದಿನಕ್ಕೆ ಚಳಿಗಾಲದ ಕೊನೆ. ಹುಂಜ ಕೂಗುವುದಿಲ್ಲ, ಸೂರ್ಯ ಬರುವುದಿಲ್ಲ. ಇಡೀ ಮುಗಿಲಕೋಟೆ ನನ್ನ ಜೌಗಾಗುತ್ತದೆ. ನಿನ್ನ ಉಪಕಾರ ಮರೆಯುವುದಿಲ್ಲ."

ಮಾಂತ್ರಿಕರಿಗೆ ಒಂದು ಕಟ್ಟಳೆಯಿತ್ತು. ಒಂದೇ ಮಾತನ್ನು ಮೂರು ಸಲ ಕೇಳಿದರೆ ಸುಳ್ಳು ಹೇಳುವಂತಿಲ್ಲ. "ಇವಕ್ಕೆ ಜೀವ ಬರುವುದು ಹೇಗೆ?" ಎಂದು ಕೆಂಚವ್ವ ಕೇಳಿದಳು. ಅವನು ನಕ್ಕ. ಮತ್ತೆ ಕೇಳಿದಳು. ಅವನು ಗಡ್ಡ ಹಿಂಡಿಕೊಂಡ. ಮೂರನೆಯ ಸಲ ಕೇಳಿದಾಗ ಬಾಯಿ ಬಿಟ್ಟ.

"ಮೂರು ಹಗಲು ಒಣ ನೆಲದ ಮೇಲಿದ್ದರೆ ಜೀವ ಬರುತ್ತದೆ. ಆದರೆ ಜೌಗಿನಿಂದ ಹೊರಗೆ ಒಯ್ದರೆ ಕರಗಿ ಮಣ್ಣಾಗುತ್ತವೆ. ನನ್ನ ಜೌಗಿನಲ್ಲಿ ಒಣ ನೆಲ ಎಲ್ಲಿದೆ, ಹುಡುಕಿಕೋ."

ಒಣ ನೆಲ ಮಾಡುವುದು ಯಾರಿಗೆ ಗೊತ್ತು ಎಂಬುದು ಕೆಂಚವ್ವನಿಗೆ ಗೊತ್ತಿತ್ತು. ಅವಳ ಬಾಗಿಲಿಗೆ ಹೋಗುವುದಕ್ಕಿಂತ ಜೌಗಿನಲ್ಲಿ ಮುಳುಗುವುದೇ ಸುಲಭ ಅನ್ನಿಸಿತು. ಆದರೆ ಬೆರಳ ತುದಿಯಲ್ಲಿ ಹುಂಜ ಕುಕ್ಕಿದ ಜಾಗ ಇನ್ನೂ ಕೆಂಪಾಗಿತ್ತು. ಅವಳು ಊರಿನ ಕಡೆ ತಿರುಗಿದಳು.

ಸಣ್ಣೀರಿ ಕೆಸರಂಗಳದ ಅಂಚಿನಲ್ಲಿ ಕೂತಿದ್ದಳು. ಹಸಿರು ಕಲ್ಲು ಅವಳ ಮಡಿಲಲ್ಲಿತ್ತು.

"ಕಲ್ಲು ಇಟ್ಟವಳು ನಾನು" ಎಂದಳು ಕೆಂಚವ್ವ.

"ಗೊತ್ತು. ಬೇಲಿ ಮುಳ್ಳಿನಲ್ಲಿ ನಿಮ್ಮ ಸೆರಗಿನ ಎಳೆ ಸಿಕ್ಕಿಕೊಂಡಿತ್ತು. ಬಂದು ಹೇಳುತ್ತೀರೋ ಇಲ್ಲವೋ ಅಂತ ಕೂತಿದ್ದೆ. ಯಾಕೆ ಇಟ್ಟಿರಿ?"

"ಹೊಟ್ಟೆಕಿಚ್ಚು."

"ಒಣ ಅಂಗಳ ಹೇಗೆ ಮಾಡುವುದು ಅಂತ ಕೇಳಿದ್ದರೆ ಹೇಳಿಕೊಡುತ್ತಿದ್ದೆ. ನಾನೇ ಬರುತ್ತೇನೆ ಅಂದರೆ ಬಾಗಿಲು ಹಾಕಿದಿರಿ."

"ನಿನ್ನನ್ನು ಕೇಳುವುದೇ ನನಗೆ ಆಗಲಿಲ್ಲ. ಈಗ ಕೇಳುತ್ತಿದ್ದೇನೆ."

ಸಣ್ಣೀರಿ ಮಡಿಲಿನ ಹಸಿರು ಕಲ್ಲನ್ನು ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಸೀರೆ ಕೊಡವಿಕೊಂಡಳು. "ನಿಮ್ಮ ಮೇಲಿನ ಸಿಟ್ಟು ಇರಲಿ, ಅದನ್ನು ಆಮೇಲೆ ನೋಡೋಣ. ಮೊದಲು ಮಣ್ಣು ಹೊರಬೇಕು. ಬುಟ್ಟಿ ತನ್ನಿ."

ಎರಡು ದಿನ ಇಬ್ಬರೂ ದುಡಿದರು. ಜೌಗಿನ ನಡುವೆ ಕಲ್ಲು ತುಂಬಿ, ಮಣ್ಣು ಏರಿಸಿ, ಮರಳು, ಹೊಟ್ಟು ಸುರಿದರು. ಮಾಡು ಕಟ್ಟಿದರು, ಸುತ್ತ ತಟ್ಟಿ ಹೆಣೆದರು, ಕಾಲುವೆ ತೋಡಿದರು. ಕೆಂಚವ್ವನ ಹೆಗಲು ಸುಲಿದು ಹೋಯಿತು. ಸಣ್ಣೀರಿ "ಅದು ಹಾಗಲ್ಲ ಅಕ್ಕ, ಹೀಗೆ" ಎಂದಾಗಲೆಲ್ಲ ಒಳಗೆ ಕೆಂಡ ಮತ್ತೆ ಹೊಗೆಯಾಡುತ್ತಿತ್ತು. ಆದರೂ ಹಾಗೇ ಮಾಡಿದಳು. ಇಪ್ಪತ್ತೈದು ಕಲ್ಲುಗಳನ್ನು ಒರೆಸಿ ಹೊಟ್ಟಿನ ಮೇಲೆ ಸಾಲಾಗಿ ಇಟ್ಟರು.

ಮೊದಲ ದಿನ ಜೌಗುಮಲ್ಲ ನೀರುಕೋಣವನ್ನು ಕಳಿಸಿದ. ಅದು ಬೆಟ್ಟದ ಕೆರೆಯನ್ನು ಒಂದೇ ಗುಟುಕಿಗೆ ಕುಡಿದು ಬಂದು ಅಂಗಳದ ಮೇಲೆ ಉಗುಳಿತು. ಸೂರು ನೀರನ್ನು ದೂರಕ್ಕೆ ಎಸೆಯಿತು, ಕಾಲುವೆ ಹೊತ್ತುಕೊಂಡು ಹೋಯಿತು. ಒಂದು ಕಡೆ ಕಾಲುವೆ ಕಟ್ಟಿಕೊಂಡಾಗ ಕೆಂಚವ್ವ ಎದೆಮಟ್ಟ ನೀರಿಗಿಳಿದು ಕೈಯಲ್ಲೇ ಕೆಸರು ಬಗೆದಳು. ಕೋಣ ಹೊಟ್ಟೆ ಬರಿದಾಗಿ, ಕರುವಿನಷ್ಟಾಗಿ ಓಡಿಹೋಯಿತು. ನೆಲ ಒಣಗಿಯೇ ಇತ್ತು.

ಎರಡನೆಯ ದಿನ ಗಾಳಿನರಿ ಬಂತು. ಅದಕ್ಕೆ ಮೈಯೇ ಇರಲಿಲ್ಲ, ಬರಿ ಬಾಲ ಮತ್ತು ಊಳು. ಬಡಗಣದ ತಟ್ಟಿಗೆ ಬಂದು ಬಂದು ಬಡಿಯಿತು. ಹಗ್ಗ ಹರಿದಾಗ ಇಬ್ಬರೂ ತಟ್ಟಿಗೆ ಬೆನ್ನು ಕೊಟ್ಟು ಪಕ್ಕಪಕ್ಕದಲ್ಲಿ ನಿಂತರು. ಸಣ್ಣೀರಿಯ ಹಲ್ಲು ಕಟಕಟಿಸುವುದು ಕೇಳಿಸಿತು. ಕೆಂಚವ್ವ ತನ್ನ ಕಂಬಳಿ ತೆಗೆದು ಅವಳಿಗೆ ಹೊದಿಸಿದಳು. ಸಂಜೆಯ ಹೊತ್ತಿಗೆ ನರಿ ಸುಸ್ತಾಗಿ ಒಂದು ನಿಟ್ಟುಸಿರಾಗಿ ಹೋಯಿತು.

ಮೂರನೆಯ ದಿನ ಸದ್ದೇ ಇರಲಿಲ್ಲ. ಮಂಜಿನ ಹೆಬ್ಬಾವು ಬಂದು ಅಂಗಳವನ್ನು ಮೂರು ಸುತ್ತು ಸುತ್ತಿಕೊಂಡಿತು. ಅದರ ತಲೆ ಸೂರಿನ ಕೆಳಗಿನ ಸಂದಿಗೆ ಬಂದು ಒಳಗೆ ಇಣುಕಿತು. ಹೊಟ್ಟಿನ ಮೇಲೆ ತೇವದ ಮಣಿಗಳು ಮೂಡತೊಡಗಿದವು.

ಕೆಂಚವ್ವ ಚಿಂದಿಯ ಕಂತೆ ಹಿಡಿದು ಸಂದಿನ ಕಡೆ ನುಗ್ಗಿದಳು.

"ಮುಚ್ಚಬೇಡಿ ಅಕ್ಕ" ಎಂದಳು ಸಣ್ಣೀರಿ. "ಆ ಕಡೆಯ ಸಂದನ್ನೂ ತೆಗೆಯಿರಿ."

"ಒಳಗೆ ಬರುತ್ತಿದೆ, ಕಾಣುವುದಿಲ್ಲವೇ ನಿನಗೆ?"

"ಬರಲಿ. ಮುಚ್ಚಿದರೆ ಒಳಗೇ ಉಳಿಯುತ್ತದೆ. ನಮ್ಮ ಉಸಿರಿನ ತೇವ, ಊರಿನ ಅಂಗಳದಲ್ಲಾದರೆ ಕೋಳಿಗಳ ಉಸಿರಿನ ತೇವ, ಅದೂ ಹೊರಗೆ ಹೋಗಬೇಕು. ಗಾಳಿ ತಲೆಯ ಮೇಲೆ ಹಾದು ಹೋಗಲಿ."

ಕೆಂಚವ್ವನ ಕೈ ಅಲ್ಲೇ ನಿಂತಿತು. ಹತ್ತು ವರ್ಷ ತಾನು ಮೆತ್ತಿದ ಒಂದೊಂದು ಬಿರುಕೂ, ಬೆವರಿದ ಗೋಡೆಯೂ, ಕೆಮ್ಮಿದ ಹುಂಜವೂ ಕಣ್ಣ ಮುಂದೆ ಬಂದವು. ಹಾಗಾದರೆ ಮಾಟ ಏನೂ ಇರಲಿಲ್ಲ. ಅವಳಿಗೆ ಗೊತ್ತಿತ್ತು, ತನಗೆ ಗೊತ್ತಿರಲಿಲ್ಲ, ಅಷ್ಟೇ. ಇದನ್ನು ಒಪ್ಪಿಕೊಳ್ಳುವುದು ಎದೆಮಟ್ಟದ ನೀರಿಗಿಂತ, ಬೆನ್ನು ಮುರಿಯುವ ಗಾಳಿಗಿಂತ ಕಷ್ಟವಾಯಿತು. ಅವಳು ಚಿಂದಿಯನ್ನು ಕೆಳಗೆ ಹಾಕಿ, ಎದುರಿನ ತಟ್ಟಿಗೆ ಹೋಗಿ, ಸೂರಿನ ಕೆಳಗಿನ ಹುಲ್ಲನ್ನು ಎರಡೂ ಕೈಯಿಂದ ಕಿತ್ತಳು.

ಹೆಬ್ಬಾವು ಒಂದು ಸಂದಿನಿಂದ ಒಳಗೆ ಬಂತು. ಹಾದುಹೋಗುವ ಗಾಳಿ ಅದನ್ನು ನಿಲ್ಲಗೊಡಲಿಲ್ಲ. ಮಾಡಿನ ಕೆಳಗೆ ಹರಿದು, ಎದುರಿನ ಸಂದಿನಿಂದ ಹೊರಗೆ ಬೀಳುವಷ್ಟರಲ್ಲಿ ಎಳೆ ಎಳೆಯಾಗಿ ಬಿಚ್ಚಿಹೋಯಿತು. ಹೊಟ್ಟಿನ ಮೇಲಿನ ತೇವ ಆರಿತು.

ಆಗ ಒಂದು ಕರಿಕಲ್ಲು ಅಲುಗಿತು. ಕಲ್ಲು ಕತ್ತು ಚಾಚಿತು, ರೆಕ್ಕೆ ಕೊಡವಿತು, ಚಿನ್ನದ ಜುಟ್ಟು ನಿಮಿರಿಸಿತು. ಹೊಂಜುಟ್ಟ ಮಾಡಿನ ತುದಿಗೆ ಹಾರಿ ಮೂರು ಸಲ ಕೂಗಿತು. ಬೆಟ್ಟದ ಹಿಂದಿನಿಂದ ಸೂರ್ಯ ಎದ್ದ.

ಜೌಗುಮಲ್ಲ ಓಡಲು ನೋಡಿದ. ಕಾಲಡಿಯ ಕೆಸರು ಬಿರಿದು ಗಟ್ಟಿಯಾಯಿತು. ಮೊದಲು ಗಡ್ಡ ಒಣಗಿತು, ಆಮೇಲೆ ಬೆರಳು, ಆಮೇಲೆ ಅವನೇ. ಒಂದು ಬುಟ್ಟಿ ಒಣ ಪಾಚಿ ಉಳಿಯಿತು. ಜೀವ ಬಂದ ಇಪ್ಪತ್ತನಾಲ್ಕು ಹೇಂಟೆಗಳು ಅದರ ಮೇಲೆ ಬಿದ್ದು ಕೆದಕಿ ಕೆದಕಿ ಚೆಲ್ಲಾಪಿಲ್ಲಿ ಮಾಡಿದವು.

ರಾಣಿ ನೀಲಾಂಬೆ ಸಭೆ ಕರೆದು ಇಬ್ಬರನ್ನೂ ಹೊಗಳಲು ಹೊರಟಾಗ ಕೆಂಚವ್ವ ಎದ್ದು ನಿಂತು, ಕಲ್ಲು ಹೂತದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ರಾಣಿ ಸಣ್ಣೀರಿಯ ಮುಖ ನೋಡಿದಳು.

"ನನ್ನ ಸಿಟ್ಟು ಇನ್ನೂ ಇದೆ ತಾಯಿ" ಎಂದಳು ಸಣ್ಣೀರಿ. "ಆದರೆ ಎದುರಿನ ಸಂದು ತೆಗೆದವರು ಅವರೇ. ನನ್ನ ಕೈಗೆ ಅದು ಎಟುಕುತ್ತಿರಲಿಲ್ಲ."

ರಾಣಿ ಯೋಚಿಸಿ ಹೇಳಿದಳು: "ಹೊಂಜುಟ್ಟ ಸಣ್ಣೀರಿಯ ಹತ್ತಿರವೇ ಇರಲಿ. ಕೆಂಚವ್ವ, ಮುಂದಿನ ಚಳಿಗಾಲದೊಳಗೆ ನೀನು ರಾಜ್ಯದ ಮನೆಮನೆಗೆ ಹೋಗಿ ಒಣ ಅಂಗಳ ಮಾಡುವುದನ್ನು ಕಲಿಸಬೇಕು. ಯಾರಿಂದ ಕಲಿತೆ ಎಂದು ಪ್ರತಿ ಮನೆಯಲ್ಲೂ ಹೇಳಬೇಕು."

ಕೆಂಚವ್ವ ಹೇಳಿದಳು. ಮೊದಲ ಮನೆಯಲ್ಲಿ ಆ ಹೆಸರು ನಾಲಗೆಯಲ್ಲಿ ಮುಳ್ಳಿನಂತೆ ಚುಚ್ಚಿತು. ಹತ್ತನೆಯ ಮನೆಯಲ್ಲಿ ಅಷ್ಟು ಚುಚ್ಚಲಿಲ್ಲ. ನೂರನೆಯ ಮನೆಯಲ್ಲಿ ಒಬ್ಬ ಮುದುಕಿ, "ಆ ಸಣ್ಣೀರಿ ನಿನಗೇನಾಗಬೇಕು?" ಎಂದು ಕೇಳಿದಾಗ, "ನನ್ನ ತಂಗಿ" ಎಂಬ ಮಾತು ತಾನಾಗಿ ಬಂತು.

ಗಂಡಸರು ಕುರಿ ಹೊಡೆದುಕೊಂಡು ಹಿಂತಿರುಗಿದರು. ಊರ ತುಂಬ ಅಂಗಳಗಳು ಒಣಗಿದ್ದವು, ಕೋಳಿಗಳು ಬೂದಿಯಲ್ಲಿ ಹೊರಳುತ್ತಿದ್ದವು, ಓರಗಿತ್ತಿಯರು ಒಂದೇ ಒಲೆಯ ಮುಂದೆ ಕೂತು ಮೊಟ್ಟೆ ಬೇಯಿಸುತ್ತಿದ್ದರು. ಮುಗಿಲಕೋಟೆಯವರು ಅಲ್ಲಿ ಹೀಗೆ ಬೆಚ್ಚಗೆ ಬಾಳಿದರು. ಕತೆ ಕೇಳಿದ ನಿಮ್ಮ ಮನೆಯೂ, ಹೇಳಿದ ನಮ್ಮ ಮನೆಯೂ ಬೆಚ್ಚಗಿರಲಿ.