ಕೂಗಿದ ಕಾರು, ಕಾಣೆಯಾದ ಕಿರೀಟ

ರಾತ್ರಿ ಊಟದ ಹೊತ್ತಿಗೆ ಬಾಗಿಲು ದಬದಬನೆ ಬಡಿದ ಸದ್ದಿಗೆ ನನ್ನ ಕೈಯ ತುತ್ತು ತಟ್ಟೆಗೇ ಮರಳಿತು. ಹೊಸ್ತಿಲಲ್ಲಿ ನಾಟಕ ಕಂಪನಿಯ ಡ್ರೈವರ್ ಏದುಸಿರು ಬಿಡುತ್ತ ನಿಂತಿದ್ದ.

"ಅಕ್ಕಾ, ಕಿರೀಟ ಹೋಯ್ತು! ಕೆಲ್ಸಾನೂ ಹೋಯ್ತು!"

ಅತ್ತಿಗೆ ಕೈತೊಳೆದು ಎದ್ದಳು. ಕಾರುಗಳ ವಿದ್ಯುತ್ ದೋಷ ಪತ್ತೆಹಚ್ಚುವುದು ಅವಳ ವೃತ್ತಿ; ಮನುಷ್ಯರ ದೋಷ ಪತ್ತೆಹಚ್ಚುವುದು ಹವ್ಯಾಸ. ಟಾರ್ಚು ಹಿಡಿಯುವ ನಾದಿನಿ ನಾನು. ತಣ್ಣಗಾಗಲಿದ್ದ ಊಟಕ್ಕೆ ಕೈಮುಗಿದು ಹಿಂಬಾಲಿಸಿದೆ.

ಕಂಪನಿಯವರು ನಮ್ಮ ಮೇಲಿನ ಮಹಡಿಯಲ್ಲಿ ಬಿಡಾರ ಹೂಡಿದ್ದರು. ಮರುದಿನವೇ ಅವರ ಮೊದಲ ಪ್ರದರ್ಶನ. ಅಂಗಳದಲ್ಲಿ ಕಾರನ್ನು ಸುತ್ತುವರಿದು ಎಲ್ಲರೂ ನಿಂತಿದ್ದರು.

"ತಾಲೀಮು ಮುಗೀತು, ನಾನೊಬ್ನೇ ಕಾರ್ ತಂದೆ," ಎಂದ ಡ್ರೈವರ್. "ಹಿಂದಿನ ಸೀಟಲ್ಲಿ ಬಟ್ಟೆ ಗುಡ್ಡೆ, ಅದರೊಳಗಿಂದ ಕಿರೀಟದ ತುದಿ ಇಣುಕ್ತಿತ್ತು. ಲಾಕ್ ಮಾಡಿ, ದೀಪ ಮಿನುಗಿದ್ದು ನೋಡ್ಕೊಂಡೇ ಮೇಲೆ ಹೋದೆ. ಆಮೇಲೆ ಹಾರನ್ ಬಾಯಿ ಬಡ್ಕೊಳ್ತು. ಓಡಿ ಬಂದ್ರೆ ಕಿರೀಟ ಮಾಯ!"

"ಕೀಲಿ ಇರೋದು ಇವನ ಹತ್ರ, ನನ್ನ ಹತ್ರ," ಎಂದಳು ಕಂಪನಿಯ ಯಜಮಾನಿ. "ನಾನು ಮೇಲೇ ಇದ್ದೆ. ಇನ್ಯಾರು ತೆಗೀತಾರೆ? ನಾಳೆಯಿಂದ ಬರ್ಬೇಡಪ್ಪಾ."

ಕಂಪನಿಯ ದರ್ಜಿಗೆ ಬೇರೆಯದೇ ಸಂಕಟ. "ನನ್ನ ನಿಲುವಂಗಿ ನೋಡ್ರೀ! ಎದೆ ತುಂಬ ಹಿತ್ತಾಳೆ ಗುಂಡಿ ಹೊಲಿದಿದ್ದೆ. ಕಳ್ಳ ಅದರ ಮೇಲೆ ಉರುಳಾಡಿದಾನೆ!"

ರಾಜನ ಪಾತ್ರ ವಹಿಸುತ್ತಿದ್ದುದರಿಂದ ಎಲ್ಲರೂ 'ಮಹಾರಾಜರು' ಎಂದೇ ಕರೆಯುತ್ತಿದ್ದ ನಟ, ಕತ್ತು ಓರೆ ಮಾಡಿ ನಿಂತಿದ್ದರು. "ನಾನು ನಡ್ಕೊಂಡ್ ಬಂದೆ. ಈಗಷ್ಟೇ ತಲುಪಿದ್ದು." ಟಾರ್ಚಿನ ಬೆಳಕಿಗೆ ಅವರ ಕೆನ್ನೆಯಲ್ಲಿ ಸಾಲಾಗಿ ಕೆಂಪು ಉಂಗುರಗಳು ಕಂಡವು. ಸೊಳ್ಳೆ ಕಾಟವೆಂದು ಮರುಗಿದೆ.

ಅತ್ತಿಗೆ ಗಾಜು, ಬೀಗಗಳನ್ನು ಪರೀಕ್ಷಿಸಿದಳು. ಒಂದು ಗೀರೂ ಇರಲಿಲ್ಲ. ಡ್ರೈವರನಿಂದ ಕೀಲಿ ಇಸಿದುಕೊಂಡು, ಇದ್ದಕ್ಕಿದ್ದಂತೆ ನನ್ನನ್ನು ಹಿಂದಿನ ಸೀಟಿಗೆ ತಳ್ಳಿ ಹೊರಗಿನಿಂದ ಲಾಕ್ ಮಾಡಿದಳು. "ಈಗ ಬಾಗ್ಲು ತೆಗಿ!"

ಒಳಗಿನ ಹಿಡಿಕೆ ಎಳೆದೆ. ಬಾಗಿಲು ತೆರೆಯಿತು, ಹಾರನ್ ಕಿವಿ ಕಿತ್ತುಹೋಗುವಂತೆ ಅರಚಿತು. ಅತ್ತಿಗೆ ಕೀಲಿಯ ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸಿದಳು.

"ಡ್ಯಾಶ್‌ಬೋರ್ಡ್ ಒಳಗೆ ಒಂದು ಪೆಟ್ಟಿಗೆ ಇದೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತಾರೆ. ದೀಪ, ವೈಪರ್, ಬೀಗ, ಹಾರನ್, ಎಲ್ಲಾ ಇದರ ಮನೆ ಸೊಸೆಯಂದಿರು. ಸ್ವಿಚ್ಚುಗಳು ಬರೀ ಸುದ್ದಿ ಮುಟ್ಟಿಸ್ತವೆ, ತೀರ್ಮಾನ ಈ ಪೆಟ್ಟಿಗೆ ಅತ್ತೆಯಮ್ಮಂದು. ಕೀಲಿಯ ಗುರುತು ಸಿಕ್ಕಿದ್ರೆ ತೆಪ್ಪಗೆ ಬೀಗ ತೆಗೆಸ್ತಾಳೆ. ಕೀಲಿ ಇರೋರು ಕದ್ದಿದ್ರೆ ಹಾರನ್ ಯಾಕೆ ಕೂಗ್ಬೇಕು?"

ಡ್ರೈವರ್ ಅಂದು ಮೊದಲ ಬಾರಿ ನೆಟ್ಟಗೆ ನಿಂತ.

"ಬಾಗ್ಲು ತೆರೀತು ಅಂತ ಸ್ವಿಚ್ಚು ಹೇಳ್ತು, ಕೀಲಿಯ ಸುಳಿವಿಲ್ಲ. ಅದಕ್ಕೇ ಕೂಗಿಸಿದ್ಳು. ಏನೂ ಮುರಿಯದೆ ತೆರೆದದ್ದು ಅಂದ್ರೆ ಒಳಗಿಂದ್ಲೇ. ಈ ಅತ್ತೆ ಕಾಯೋದು ಬಾಗ್ಲನ್ನ. ಬಟ್ಟೆ ಗುಡ್ಡೆಯೊಳಗೆ ಯಾರು ಗೊರಕೆ ಹೊಡೀತಿದಾರೆ ಅಂತ ನೋಡಲ್ಲ. ಅವರು ಕದಿಯೋಕಲ್ಲ, ಮಲಗೋಕೆ ಹತ್ತಿದ್ದು. ಹಾರನ್‌ಗೆ ಬೆಚ್ಚಿ, ತಲೆ ಮೇಲಿದ್ದದ್ದರ ಸಮೇತ ಓಡಿದ್ರು. 'ಕಳ್ಳ ಕಳ್ಳ' ಅಂತ ಕೂಗು ಕೇಳಿ ಬಚ್ಚಿಟ್ರು. ಕತ್ತು ಉಳುಕಿದೆ, ಕೆನ್ನೆಯಲ್ಲಿ ಗುಂಡಿ ಅಚ್ಚು ಇನ್ನೂ ಮಾಸಿಲ್ಲ."

ಯಜಮಾನಿ ಡ್ರೈವರನ ಹೆಗಲ ಮೇಲೆ ಕೈಯಿಟ್ಟಳು. "ನಾಳೆ ಬೇಗ ಬಾರಪ್ಪಾ. ಅಕ್ಕಾ, ಕಿರೀಟ ಹೊತ್ತೋಡಿದ್ದು ಯಾರು?"

"ನಿಮ್ಮ ಮಹಾರಾಜರು."